ಬದಲಿ ಹಾಜರಿ

ಜಗಳ ಶುರುವಾದದ್ದು ರೊಟ್ಟಿಯ ಹಂಚಿನ ಮುಂದೆ. ಇಂಥ ಮನೆಗಳಲ್ಲಿ ದೊಡ್ಡ ಜಗಳಗಳೆಲ್ಲ ಅಲ್ಲೇ ಶುರುವಾಗುತ್ತವೆ. ಹಿಟ್ಟಿನ ಕೈಯವಳು ಎದ್ದು ಹೋಗುವಂತಿಲ್ಲ, ಹಸಿದು ಕೂತವನೂ ಎದ್ದು ಹೋಗುವಂತಿಲ್ಲ.

"ಇನ್ನ ಮ್ಯಾಲ ಶನಿವಾರ ನಾ ಕೆಲಸಕ್ಕ ಬರೂದಿಲ್ರಿ" ಎಂದು ಭಾಗ್ಯಶ್ರೀ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಬಸ್ತಿಯಾಗ ತರಬೇತಿ ಐತಿ. ಹೆಸರು ಕೊಟ್ಟು ಬಂದೀನಿ."

"ಯಾರನ್ನ ಕೇಳಿ ಕೊಟ್ಟಿ?" ಗಂಡ ಚನ್ನು ಬಾಯಿಗೆ ಒಯ್ದ ತುತ್ತನ್ನು ತಾಟಿಗೆ ಇಳಿಸಿದ.

"ಆರು ತಿಂಗಳದ್ದು. ಆಮ್ಯಾಲ ಓಪನ್ ಯೂನಿವರ್ಸಿಟಿದೊಂದು ಪರೀಕ್ಷೆ. ಪಾಸಾದ್ರ ಸೀದಾ ಬಿ.ಎ. ಹತ್ತನೇ ಕ್ಲಾಸಿನ ಕಾಗದ ಬ್ಯಾಡಂತ, ಹದಿನೆಂಟು ತುಂಬಿದ್ರ ಸಾಕಂತ. ಶಿವದೇವಿ ಹಂಗ ಸೇರ್ಯಾಳ."

ಒಲೆಯಾಚೆ ಕೂತು ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದ ಅತ್ತೆ ಸಾಬಮ್ಮ ತಲೆ ಎತ್ತದೆ, "ಬಿ.ಎ. ಮಾಡಿ ಏನ್ಮಾಡ್ತಿ? ಕಂಕರೀಟಿಗೆ ಇಂಗ್ಲೀಷ್ ಕಲಸ್ತೀಯೇನಬೇ?" ಎಂದಳು.

ತೆಲುಗರ ರಾಜಧಾನಿಯ ಅಂಚಿನ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ, ಹಳಿಗಳ ಪಕ್ಕದ ಕೂಲಿಯವರ ಬಸ್ತಿಯಲ್ಲಿ ಅವರದು ತಗಡಿನ ಸೂರಿನ ಒಂದೂವರೆ ಕೋಣೆ. ಸುರಪುರದ ಕಡೆಯಿಂದ ಬಂದು ಎಂಟು ವರ್ಷವಾಗಿತ್ತು. ಗಚ್ಚಿಬೌಲಿಯಲ್ಲಿ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲ ಅದು. ಆ ಆಫೀಸುಗಳ ಹುಡುಗ ಹುಡುಗಿಯರು ಇರಲು ಲಿಂಗಂಪಲ್ಲಿ, ಚಂದಾನಗರದ ತುಂಬ ಅಪಾರ್ಟ್‌ಮೆಂಟುಗಳು ಬೇಕಿದ್ದವು. ಅವುಗಳಲ್ಲಿ ಒಂದೆರಡನ್ನು ಮಾನಪ್ಪ ಮೇಸ್ತ್ರಿ ಹಿಡಿದಿದ್ದ. ಚನ್ನು, ಭಾಗ್ಯಶ್ರೀ ದುಡಿಯುತ್ತಿದ್ದುದು ಅವನ ಕೈಕೆಳಗೆ. ಚನ್ನುವಿನ ಅಪ್ಪ ಬೂದೆಪ್ಪ ಮೂರು ವರ್ಷದ ಹಿಂದೆ ಸೆಂಟ್ರಿಂಗ್ ಹಲಗೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮೇಸ್ತ್ರಿ ಅವನನ್ನು ತನ್ನ ಕಟ್ಟಡಕ್ಕೆ ಹಗಲು ಕಾವಲು ಇಟ್ಟಿದ್ದ. ಗೇಟಿನ ಕೀಲಿ ಬೂದೆಪ್ಪನ ಉಡದಾರದಲ್ಲಿ ಸದಾ ತೂಗುತ್ತಿತ್ತು.

ಮೇಸ್ತ್ರಿ ಕೆಲಸಕ್ಕೆ ಒಬ್ಬೊಬ್ಬರನ್ನು ತೆಗೆದುಕೊಳ್ಳುತ್ತಿರಲಿಲ್ಲ, ಜೋಡಿ ತೆಗೆದುಕೊಳ್ಳುತ್ತಿದ್ದ. ಗಂಡ ಕಲಸಬೇಕು, ಹೆಂಡತಿ ಹೊರಬೇಕು. ಅವನ ಹಾಜರಿ ಪುಸ್ತಕದಲ್ಲಿ ಇದ್ದದ್ದು 'ಚನ್ನು ಜೋಡಿ' ಎಂಬ ಎರಡೇ ಮಾತು. ಭಾಗ್ಯಶ್ರೀ ಎಂಬ ಹೆಸರು ಆ ಪುಸ್ತಕಕ್ಕೆ ಬೇಕಿರಲಿಲ್ಲ. ಜೋಡಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ಮನೆಯಿಂದ ಇನ್ನೊಬ್ಬರು ಬದಲಿ ಹೋಗಬೇಕು. ಅತ್ತಿಗೆಯೋ, ತಂಗಿಯೋ, ತಾಯಿಯೋ, ಯಾರಾದರೂ ಸರಿ. ಜಾಗ ಖಾಲಿ ಬಿಡಬಾರದು, ಅಷ್ಟೇ. ಎಂಟು ವರ್ಷದಲ್ಲಿ ಒಂದು ದಿನವೂ ತಮ್ಮ ಜಾಗ ಖಾಲಿ ಬಿಟ್ಟಿಲ್ಲವೆಂಬುದು ಸಾಬಮ್ಮನ ಜಂಬ. ಬಡವರ ಜಂಬ, ಯಾರಿಗೂ ಭಾರವಲ್ಲ.

"ಜೋಡಿ ಮುರದ್ರ ಮೇಸ್ತ್ರಿ ನನ್ನೂ ಬಿಡಸ್ತಾನ, ಅಪ್ಪನ್ನೂ ಬಿಡಸ್ತಾನ" ಎಂದು ಚನ್ನು ಗುಡುಗಿದ. "ನಿನ್ನ ಬಿ.ಎ. ತಿಂದು ಬದಕೂದೇನು?"

"ಶನಿವಾರ ಅತ್ತಿ ಬದಲಿ ಹೋಗಲಿ" ಎಂದಳು ಭಾಗ್ಯಶ್ರೀ.

"ಓಹೋ! ಸೊಸಿ ಸಾಲಿಗೆ, ಅತ್ತಿ ಕೂಲಿಗೆ! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರ, ನನ್ನ ಕಾಲ ಬರೂದ್ರೊಳಗ ನಿನ್ನ ಕಾಲ ಬಂತೇನು?" ಎಂದು ಸಾಬಮ್ಮ ಸೊಪ್ಪಿನ ಬುಟ್ಟಿಯನ್ನು ಕುಕ್ಕಿದಳು.

ಭಾಗ್ಯಶ್ರೀ ಮುಂದಿನ ಹಿಟ್ಟಿನುಂಡೆ ಕೈಗೆತ್ತಿಕೊಂಡಳು. ಒಂಬತ್ತನೆಯ ಕ್ಲಾಸಿನ ಅರ್ಧಕ್ಕೆ ಅವಳ ಶಾಲೆ ಬಿಡಿಸಿದ್ದರು. ಆರು ವರ್ಷವಾಗಿದ್ದರೂ ಆ ಉರಿ ಆರಿರಲಿಲ್ಲ. ಬಸ್ತಿಯ ಶಿವದೇವಿ ಮೊನ್ನೆ ಮೊನ್ನೆಯವರೆಗೆ ಇಟ್ಟಿಗೆ ಹೊರುತ್ತಿದ್ದವಳು. ಈಗ ಬಿ.ಎ. ಎರಡನೇ ವರ್ಷ. ಕೂಲಿಯವರ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಬೆಳಿಗ್ಗೆ ಎಂಟಕ್ಕೆ ಚೀಲ ತಗುಲಿಸಿಕೊಂಡು ಹೋಗುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ಭಾಗ್ಯಶ್ರೀಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಟ್ಟಿರಲಿಲ್ಲ.

ಕೊನೆಗೆ ತೀರ್ಪು ಕೊಟ್ಟವನು ಬೂದೆಪ್ಪ. ಚಹಾದ ಬಸಿ ಕೆಳಗಿಟ್ಟು, "ಹೆಸರು ಕೊಟ್ಟು ಬಂದಾಳ. ಕೊಟ್ಟ ಹೆಸರು ತಿರುಗಿ ತರೂದು ನಮ್ಮ ಮನ್ಯಾಗ ಇಲ್ಲ" ಎಂದ. ಮಾತು ಅಲ್ಲಿಗೆ ಮುಗಿಯಿತು, ಆದರೆ ಆ ರಾತ್ರಿ ಸಾಬಮ್ಮ ಸೊಸೆಯ ತಾಟಿಗೆ ಪಲ್ಯ ಬಡಿಸಲಿಲ್ಲ.

ಮೊದಲ ಎರಡು ಶನಿವಾರ ಸಲೀಸಾಗಿ ಹೋದವು. ಸಾಬಮ್ಮ ಗೊಣಗುತ್ತ ಸೈಟಿಗೆ ಹೋಗಿ ಗೋಡೆಗೆ ನೀರು ಹೊಡೆದು ಬಂದಳು. ಭಾಗ್ಯಶ್ರೀ ಹನುಮಾನ ಗುಡಿಯ ಪಕ್ಕದ ಕಮ್ಯುನಿಟಿ ಹಾಲಿನಲ್ಲಿ ಚಾಪೆಯ ಮೇಲೆ ಕೂತು ಬಂದಳು. ಅಲ್ಲಿ ಮೂವತ್ತೈದು ಹೆಂಗಸರು, ಹೆಚ್ಚಿನವರು ರಾಯಚೂರು, ಕಲಬುರಗಿ ಕಡೆಯವರೇ. ಕೇಂದ್ರ ನಡೆಸುವ ಉಮಾಬಾಯಿ ಬೀದರ ಕಡೆಯವರು. ಮೊದಲ ದಿನ ಎಲ್ಲರ ಹೆಸರು ಬರೆದುಕೊಂಡರು. ಆಮೇಲೆ ಪಾಠಕ್ಕೆ ಬರುತ್ತಿದ್ದವರು ಸಾಫ್ಟ್‌ವೇರ್ ಕಂಪನಿಗಳ ಹುಡುಗ ಹುಡುಗಿಯರು. ಶನಿವಾರದ ರಜೆಯಲ್ಲಿ ಪುಣ್ಯ ಕಟ್ಟಿಕೊಳ್ಳಲು ಬರುವ ಮಕ್ಕಳು. ಈ ವಾರ ಬಂದವರು ಮುಂದಿನ ವಾರ ಇರುತ್ತಿರಲಿಲ್ಲ. ಪುಸ್ತಕ ತೆಲುಗಿನದು. ಕನ್ನಡ ಓದಬಲ್ಲವರಿಗೆ ತೆಲುಗು ಅಕ್ಷರ ದಾಯಾದಿಯ ಮನೆ ಇದ್ದ ಹಾಗೆ, ಬಾಗಿಲು ಎಲ್ಲಿದೆಯೆಂದು ಗೊತ್ತಾದರೆ ಒಳಗೆಲ್ಲ ಪರಿಚಿತವೇ. ಭಾಗ್ಯಶ್ರೀ ಹದಿನೈದು ದಿನದಲ್ಲಿ ಓದತೊಡಗಿದಳು.

ಮೂರನೆಯ ಶನಿವಾರ ಸ್ಲ್ಯಾಬ್ ಬಂತು, ಅಂದರೆ ಚಾವಣಿಗೆ ಒಂದೇ ದಿನದಲ್ಲಿ ಕಾಂಕ್ರೀಟು ಸುರಿಯುವ ಕೆಲಸ. ಬಾಡಿಗೆಯ ಮಿಕ್ಸರ್ ಯಂತ್ರ ಮಾನಪ್ಪನಿಗೆ ಶನಿವಾರವೇ ಸಿಗುತ್ತಿತ್ತು. ಹಿಂದಿನ ದಿನ ಸಂಜೆ ಸಾಬಮ್ಮನನ್ನು ನೋಡಿ ಅವನು ನಕ್ಕುಬಿಟ್ಟ.

"ನೀರು ಹೊಡಿಯೂದಲ್ಲ ಇದು. ಕಂಕರೀಟಿನ ಪುಟ್ಟಿ ಕೈಯಿಂದ ಕೈಗೆ ಮೂರು ಅಂತಸ್ತು ಏರಬೇಕು. ಸಾಲಿನ್ಯಾಗ ಒಬ್ಬಾಕಿ ತಡದ್ರ ಇಪ್ಪತ್ತು ಮಂದಿ ನಿಂದರಬೇಕು. ಸ್ಲ್ಯಾಬಿಗೆ ಮುದುಕಿ ಬ್ಯಾಡ, ಸೊಸೀನ್ನ ಕಳಸು."

ನಲವತ್ತನಾಲ್ಕಕ್ಕೆ ಮುದುಕಿ ಅನ್ನಿಸಿಕೊಂಡ ಸಾಬಮ್ಮ ಮನೆಗೆ ಬಂದು ಮೂರು ಸಲ ಆ ಮಾತು ಹೇಳಿ ಮೂರು ಸಲವೂ ಮೇಸ್ತ್ರಿಯ ವಂಶವನ್ನು ಬೈದಳು. ಭಾಗ್ಯಶ್ರೀ ಮೂಲೆಯಲ್ಲಿ ಕೂತು ಅಳುತ್ತಿದ್ದಳು.

"ಅಳೂದ್ಯಾಕ? ನಾಳಿ ಒಂದಿನ ಹೋಗಬ್ಯಾಡ" ಎಂದ ಚನ್ನು.

"ಜಾಗ ಖಾಲಿ ಉಳೀತೈತಿ. ಹೆಸರು ಹೊಡದ ಹಾಕ್ತಾರ."

ಬೂದೆಪ್ಪ ಬಾಗಿಲ ಬಳಿಯಿಂದ, "ಖಾಲಿ ಯಾಕ ಉಳಿಬೇಕು? ಮನ್ಯಾಗ ಇನ್ನೊಂದು ಆಳು ಇಲ್ಲೇನು?" ಎಂದು ಹೆಂಡತಿಯ ಕಡೆ ನೋಡಿದ.

ಸಾಬಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸೆರಗು ಬಾಯಿಗೆ ಒತ್ತಿ ನಕ್ಕಳು. "ನಾನಾ? ಸಾಲಿಗೆ?"

"ಸುಮ್ನ ಕುಂತು ಬರ್ರಿ ಅತ್ತಿ" ಎಂದು ಭಾಗ್ಯಶ್ರೀ ಅವಳ ಕೈ ಹಿಡಿದಳು. "ಹೆಸರು ಕೂಗಿದಾಗ ಹಾಜರ್ ಅನ್ರಿ. ಏನು ಹೇಳಿದ್ರು ಕೇಳಿಕೊಂಡು ಬರ್ರಿ."

ಇದರಲ್ಲಿ ಕಳ್ಳತನವಿದೆ ಎಂದು ಆ ಮನೆಯ ನಾಲ್ವರಲ್ಲಿ ಯಾರಿಗೂ ಹೊಳೆಯಲಿಲ್ಲ. ರಜೆ ಎಂಬುದೊಂದು ಉಂಟು, ಕೇಳಿದರೆ ಕೊಡುತ್ತಾರೆ ಎಂಬುದು ಸೈಟಿನವರ ತಲೆಗೆ ಬರುವ ಮಾತೇ ಅಲ್ಲ. ಅವರಿಗೆ ಗೊತ್ತಿದ್ದದ್ದು ಎರಡೇ: ಒಂದೋ ಬರಬೇಕು, ಇಲ್ಲವೇ ಬದಲಿ ಕಳಿಸಬೇಕು.

ಹಾಗೆ ಸಾಬಮ್ಮ ಶಾಲೆಗೆ ಹೋದಳು. ನಾಲ್ಕನೆಯ ಕ್ಲಾಸಿಗೆ ಬಿಟ್ಟವಳು, ಮೂವತ್ತೈದು ವರ್ಷದ ಮೇಲೆ. ಅವತ್ತು ಬಂದಿದ್ದ ಹುಡುಗ ತಲೆ ಎತ್ತದೆ ಹೆಸರು ಕೂಗಿದ. ಇವಳು ಹಾಜರ್ ಎಂದಳು. ಪಕ್ಕದಲ್ಲಿದ್ದ ಹುಸೇನಮ್ಮ, "ಬದಲಿ ಏನಬೇ?" ಎಂದು ಪಿಸುಗುಟ್ಟಿದಳು. "ಹ್ಞೂಂ, ಸ್ಲ್ಯಾಬ್ ಐತಿ." ಹುಸೇನಮ್ಮನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸಂಜೆ ಭಾಗ್ಯಶ್ರೀ ತೋಳು ಎತ್ತಲಾರದೆ ಬಂದಾಗ ಸಾಬಮ್ಮ ಆಗಲೇ ರೊಟ್ಟಿ ಬಡಿದಿಟ್ಟು ಕಾಯುತ್ತಿದ್ದಳು. ಸೊಸೆ ಮೊದಲ ತುತ್ತು ಮುರಿಯುವ ಮೊದಲೇ ಶುರುಮಾಡಿದಳು.

"ಕೇಳಬೇ. ದಿಲ್ಲಿಯಾಗ ಎರಡು ಮನಿ ಅವಂತ. ಕೆಳಗಿನ ಮನಿಯವರು ಐದು ವರ್ಷಕ್ಕ ಖಾಲಿ ಮಾಡಬೇಕು. ಮ್ಯಾಲಿನ ಮನಿ ಎಂದೂ ಪೂರಾ ಖಾಲಿ ಆಗೂದಿಲ್ಲಂತ, ಎರಡು ವರ್ಷಕ್ಕೊಮ್ಮೆ ಮೂರರಾಗ ಒಂದು ಪಾಲು ಮಂದಿ ಇಳೀತಾರ, ಅಷ್ಟ. ನಮ್ಮ ಮೇಸ್ತ್ರಿ ಮ್ಯಾಲಿನ ಮನ್ಯಾಂವ ಅನಸ್ತೈತಿ, ಇಳಿಯೂದ ಇಲ್ಲ."

ಭಾಗ್ಯಶ್ರೀ ನಗಲಾರದೆ ನಕ್ಕಳು. ಪುಸ್ತಕ ತೆರೆದು ನೋಡಿದರೆ ಅತ್ತೆ ಹೇಳಿದ್ದು ಸಾಲು ಸಾಲಾಗಿ ಅಲ್ಲಿತ್ತು. ಬೀಸುವ ಹಾಡು, ಹಂತಿಯ ಹಾಡು ಒಂದೇ ಸಲ ಕೇಳಿ ಕಲಿತ ತಲೆ ಸಾಬಮ್ಮನದು. ಏನೂ ಬಿದ್ದುಹೋಗುತ್ತಿರಲಿಲ್ಲ.

ಎರಡು ಮೂರು ವಾರಕ್ಕೊಂದು ಸ್ಲ್ಯಾಬ್. ಅಂಥ ಶನಿವಾರಗಳಲ್ಲಿ ಸೊಸೆ ಪುಟ್ಟಿ ಹಿಡಿಯುತ್ತಿದ್ದಳು, ಅತ್ತೆ ಚಾಪೆ ಹಿಡಿಯುತ್ತಿದ್ದಳು. ಬರಬರುತ್ತ ಸಾಬಮ್ಮ ಮಿಕ್ಕ ಶನಿವಾರ ನೀರು ಹೊಡೆಯುವಾಗಲೂ ಮುಂದಿನ ಸ್ಲ್ಯಾಬ್ ಯಾವಾಗ ಎಂದು ಮೇಸ್ತ್ರಿಯನ್ನು ಕೇಳತೊಡಗಿದಳು. "ಏನವ್ವಾ, ಸ್ಲ್ಯಾಬಿನ ಮ್ಯಾಲ ಭಾಳ ಪ್ರೀತಿ ಬಂತು" ಎಂದು ಅವನು ಬೆರಗಾದ. ಚನ್ನು ಮಾತ್ರ ಉಣ್ಣುವಾಗ ಸಿಡುಕುತ್ತಿದ್ದ. ಒಂದು ದಿನ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದು, "ಒಬ್ಬಾಕಿ ಓದಾಕಿ ಅಂದ್ರ ಇಬ್ಬರಾದ್ರಲ್ಲೋ! ಅಡಗಿ ಮಾಡವರ್ಯಾರು?" ಎಂದು ತಾಟು ನೂಕಿ ಹೊರಗೆ ಹೋದ.

ಆರನೆಯ ಸಲ ಸಾಬಮ್ಮ ಹೋದಾಗ ಪಾಠಕ್ಕೆ ಬಂದಿದ್ದವಳು ಅಪೂರ್ವ ಎಂಬ ಮೈಸೂರಿನ ಹುಡುಗಿ. ಅವಳು ಅನುಪಾತ ಹೇಳಿಕೊಡುತ್ತಿದ್ದಳು. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಎಂದು ಹಲಗೆಯ ಮೇಲೆ ಬರೆದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಸಾಬಮ್ಮ ಎದ್ದು ನಿಂತಳು.

"ಇದು ಕಂಕರೀಟಲ್ರಿ? ಸಿಮೆಂಟ್ ಒಂದು, ಉಸುಕು ಎರಡು, ಖಡಿ ನಾಕು."

"ಕರೆಕ್ಟ್! ಎಷ್ಟು ಚೆನ್ನಾಗಿ ಹೇಳಿದ್ರಿ!"

"ಮತ್ತ ನೀರು? ನೀರಿಲ್ದ ಒಂದೂ ಕೂಡೂದಿಲ್ಲ. ಅದು ಲೆಕ್ಕದಾಗ ಯಾಕಿಲ್ರಿ?"

ಅಪೂರ್ವ ಸೀಮೆಸುಣ್ಣ ಕೆಳಗಿಟ್ಟಳು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ್ದರೂ ಈ ಪ್ರಶ್ನೆ ಅವಳಿಗೆ ಬಂದಿರಲಿಲ್ಲ. "ಕೇಳ್ಕೊಂಡು ಬಂದು ಹೇಳ್ತೀನಮ್ಮ. ಏನು ನಿಮ್ಮ ಹೆಸರು?"

"ಭಾಗ್ಯಶ್ರೀರಿ" ಎಂದಳು ಸಾಬಮ್ಮ.

ಹೊಗಳಿಕೆಯೇ ಮುಳುವಾಯಿತು. ಅಪೂರ್ವ ಅಂದು ಮಧ್ಯಾಹ್ನ ಉಮಾಬಾಯಿಗೆ ಫೋನು ಮಾಡಿ, ನಿಮ್ಮ ಭಾಗ್ಯಶ್ರೀ ಅನ್ನೋರು, ಆ ವಯಸ್ಸಾದ ಅಮ್ಮ, ಎಂಥ ತಲೆ ಅವರದು ಎಂದು ಕೊಂಡಾಡಿದಳು. ತಾವು ಹೆಸರು ಬರೆದುಕೊಂಡ ಭಾಗ್ಯಶ್ರೀಗೆ ಇಪ್ಪತ್ತೊಂದು ವರ್ಷ ಎಂಬುದು ಉಮಾಬಾಯಿಗೆ ನೆನಪಿತ್ತು. ಅರ್ಧ ಗಂಟೆಯಲ್ಲಿ ಹಾಲಿಗೆ ಬಂದರು. ಹೆಂಗಸರು ಇನ್ನೂ ಚಾಪೆ ಸುತ್ತುತ್ತಿದ್ದರು.

"ಭಾಗ್ಯಶ್ರೀ ಯಾರು?"

"ಹಾಜರ್ರಿ!" ಎಂದಳು ಸಾಬಮ್ಮ ಗಟ್ಟಿಯಾಗಿ.

"ಖರೇ ಹೆಸರು ಹೇಳ್ರಿ."

"ಸಾಬಮ್ಮರಿ. ಭಾಗ್ಯಶ್ರೀ ನನ್ನ ಸೊಸಿ. ಸ್ಲ್ಯಾಬಿಗೆ ಹೋಗ್ಯಾಳ. ಆಕಿ ಬದಲಿ ನಾ ಬಂದೀನಿ." ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದವಳ ಹಾಗೆ ನಿಂತಿದ್ದಳು.

"ಎಷ್ಟು ಸಲ ಬಂದೀರಿ?"

"ಇದು ಆರನೇದ್ರಿ. ಒಂದಿನಾನೂ ಜಾಗ ಖಾಲಿ ಬಿಟ್ಟಿಲ್ಲ."

ಉಮಾಬಾಯಿಯ ಮುಖ ಕೆಂಪಾಯಿತು. "ಇದಕ್ಕ ಸುಳ್ಳು ಹಾಜರಿ ಅಂತಾರ. ನಿಮ್ಮ ಸೊಸಿ ಹೆಸರು ತಗೀಬೇಕಾಗ್ತದ. ನಾಳಿ ಮುಂಜಾನೆ ಇಬ್ಬರೂ ಬರ್ರಿ."

ಸಾಬಮ್ಮ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಸುಳ್ಳು ಎಂಬ ಮಾತು ಕೆನ್ನೆಗೆ ಹೊಡೆದಂತಾಗಿತ್ತು. ಅವತ್ತು ಒಲೆ ಹಚ್ಚಲಿಲ್ಲ. ಮಗ, ಸೊಸೆ ಮೈತುಂಬ ಸಿಮೆಂಟು ಮೆತ್ತಿಕೊಂಡು ಬಂದಾಗ ಕತ್ತಲಲ್ಲಿ ಕೂತಿದ್ದಳು. ವಿಷಯ ಕೇಳಿ ಭಾಗ್ಯಶ್ರೀ ಹೌಹಾರಿದಳು.

"ಸುಮ್ನ ಕುಂತು ಬರ್ರಿ ಅಂದಿದ್ನಲ್ಲ ಅತ್ತಿ! ಪ್ರಶ್ನೆ ಕೇಳಾಕ ನಿಮಗ್ಯಾರು ಹೇಳಿದ್ರು?"

"ತಿಳೀದಿದ್ರ ಕೇಳಬೇಕು ಅಂತ ಆ ಹುಡುಗೀನ ಹೇಳಿತ್ತು."

"ನಿಮಗ ತಿಳದು ಏನಾಗಬೇಕಿತ್ತು? ಪರೀಕ್ಷೆ ನಿಮ್ಮದಾ? ನನ್ನ ಬಾಳು ನೀರಾಗ ಹಾಕಿದ್ರಿ!"

"ನಾ ಹಾಕಿದ್ನಾ? ಮಣಕಾಲು ನೋವಿದ್ರೂ ನಿನ್ನ ಸಲುವಾಗಿ ಹೋಗಿ ಕುಂತೆ, ತಲ್ಯಾಗ ತುಂಬಿಕೊಂಡು ಬಂದು ಕೈತುತ್ತು ಹಾಕಿದಂಗ ಹಾಕಿದೆ. ಈಗ ನಾ ಕಳ್ಳಿ ಆದೆ!" ಎಂದಳು ಸಾಬಮ್ಮ.

"ಛಲೋ ಆತು" ಎಂದ ಚನ್ನು. "ಪೀಡೆ ಹೋತು. ಸೋಮವಾರದಿಂದ ಇಬ್ಬರೂ ಮೊದಲಿನಂಗ ಇರ್ರಿ."

"ನೀವು ಒಂದು ಮಾತು ಆಡಬ್ಯಾಡ್ರಿ!" ಎಂದು ಭಾಗ್ಯಶ್ರೀ ಗಂಡನ ಮೇಲೆ ಮೊದಲ ಸಲ ಕೂಗಿದಳು. ಚನ್ನು ಕೈ ಎತ್ತಿದ. ಬೂದೆಪ್ಪ ಊರುಗೋಲನ್ನು ಇಬ್ಬರ ನಡುವೆ ಅಡ್ಡ ಹಿಡಿದ. ಎತ್ತಿದ ಕೈ ಇಳಿಯಿತು, ಆದರೆ ಅಂದು ನಾಲ್ವರೂ ಉಪವಾಸ ಮಲಗಿದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಉಣ್ಣದಿದ್ದರೆ ಏನೋ ಯಾರೂ ಹೇಳಿಲ್ಲ.

ಮರುದಿನ ಉಮಾಬಾಯಿ ದೊಡ್ಡ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಸಾಬಮ್ಮ ಮುಂದೆ ಬಂದಳು.

"ಬೇಕಾದ್ದು ಅನ್ರಿ ಅಕ್ಕೋರ, ಸುಳ್ಳು ಅನಬ್ಯಾಡ್ರಿ. ನಮ್ಮ ಕೆಲಸದಾಗ ಒಬ್ಬರು ಬರದಿದ್ರ ಮನ್ಯಾಗಿನವರು ಬರಬೇಕು. ಬರದಿದ್ರ ಅದು ಮೋಸ. ನಾವು ಮೋಸ ಮಾಡಬಾರದಂತ ಬಂದೀವಿ."

"ಬರಲಿಕ್ಕೆ ಆಗದಿದ್ರ ರಜಾ ಕೇಳಬೇಕಿತ್ತು."

"ರಜಾ?" ಅತ್ತೆ ಸೊಸೆ ಒಟ್ಟಿಗೇ ಕೇಳಿದರು.

ಉಮಾಬಾಯಿ ಗೋಡೆಗೆ ಅಂಟಿಸಿದ್ದ ತೆಲುಗಿನ ಕಾಗದ ತೋರಿಸಿದರು. ಇಪ್ಪತ್ತನಾಲ್ಕು ಶನಿವಾರದಲ್ಲಿ ಹದಿನೆಂಟು ಬಂದರೆ ಸಾಕು, ಆರು ದಿನ ಬರದಿದ್ದರೂ ನಡೆಯುತ್ತದೆ ಎಂದು ಅದರಲ್ಲಿತ್ತು. ಭಾಗ್ಯಶ್ರೀ ಆ ಕಾಗದವನ್ನು ಎಷ್ಟೋ ಸಲ ಓದಿದ್ದಳು. ಆರು ದಿನ ಬಿಡಬಹುದು ಎಂಬುದು ತನ್ನಂಥವರಿಗೂ ಅನ್ವಯಿಸುತ್ತದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಈಗ ಅವಳಿಗೆ ಅಳುವೂ ನಗೆಯೂ ಒಟ್ಟಿಗೇ ಬಂತು.

ಉಮಾಬಾಯಿ ಕೆಂಪು ಪೆನ್ನು ತೆಗೆದು ಆರು ಹಾಜರಿಗಳನ್ನು ಹೊಡೆದುಹಾಕಿದರು.

"ಇಲ್ಲೀತನಕ ಇಪ್ಪತ್ತು ಶನಿವಾರ ಆಗ್ಯಾವ. ನೀನ ಬಂದದ್ದು ಹದಿನಾಲ್ಕು. ಉಳದದ್ದು ನಾಕು. ನಾಕಕ್ಕ ನಾಕೂ ನೀನ ಬಂದ್ರ ನಿನ್ನ ಅರ್ಜಿ ಯೂನಿವರ್ಸಿಟಿಗೆ ಹೋಗ್ತದ. ಒಂದು ತಪ್ಪಿದ್ರೂ ಈ ವರ್ಷ ಇಲ್ಲ. ಮುಂದಿನ ವರ್ಷ ಈ ಕೇಂದ್ರ ಇರ್ತದೋ ಇಲ್ಲೋ ನನಗೂ ಗೊತ್ತಿಲ್ಲ."

ಅತ್ತೆ ಸೊಸೆ ಹೊರಡುವಾಗ ಅವರು ಪುಸ್ತಕದ ಕೊನೆಯ ಹಾಳೆ ತಿರುವಿ ಏನೋ ಬರೆದುಕೊಳ್ಳುತ್ತಿದ್ದರು. ಅದೇನೆಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಎರಡು ಶನಿವಾರ ದೇವರು ನಡೆಸಿದ. ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ರೊಟ್ಟಿ ಬಡಿಯುವ ಸದ್ದು, ತಗಡಿನಾಚೆ ಹಾಯುವ ರೈಲಿನ ಸದ್ದು, ಅಷ್ಟೇ. ಸಾಬಮ್ಮ ಸೈಟಿಗೆ ಹೋಗಿ ನೀರು ಹೊಡೆದು ಬರುತ್ತಿದ್ದಳು. ಸೊಸೆ ಪುಸ್ತಕ ತೆಗೆದರೆ ಮುಖ ತಿರುಗಿಸಿ ಕೂರುತ್ತಿದ್ದಳು, ಕಿವಿ ಮಾತ್ರ ಇತ್ತಲೇ ಇರುತ್ತಿತ್ತು. ಮೂರನೆಯ ವಾರದ ಶುಕ್ರವಾರ ಸಂಜೆ ಮಾನಪ್ಪ ಮೇಸ್ತ್ರಿ ತಾನೇ ಬಾಗಿಲಿಗೆ ಬಂದ.

"ನಾಳಿ ಕಡೀ ಸ್ಲ್ಯಾಬ್. ಮಳಿ ಬರೂದ್ರೊಳಗ ಮುಗೀಬೇಕು. ಚನ್ನು, ಆರಕ್ಕ ಜೋಡಿ ಇರಬೇಕು ನೋಡು."

ಚನ್ನು ಹೆಂಡತಿಯ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟೂ ಇತ್ತು, ಬೇಡಿಕೆಯೂ ಇತ್ತು.

"ನಾ ಬರೂದಿಲ್ರಿ" ಎಂದಳು ಭಾಗ್ಯಶ್ರೀ. ಮೇಸ್ತ್ರಿಯ ಜೊತೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು.

"ನಾ ಬರ್ತೀನಿ, ಆಕಿ ಬದಲಿ" ಎಂದಳು ಸಾಬಮ್ಮ.

"ಏ, ಎಷ್ಟು ಸಲ ಹೇಳಬೇಕು? ಸ್ಲ್ಯಾಬಿಗೆ ನೀ ಬ್ಯಾಡ." ಮೇಸ್ತ್ರಿ ಚನ್ನುವಿನ ಕಡೆ ತಿರುಗಿದ. "ನಿನ್ನ ಹೆಂಡತಿ ನಿನ್ನ ಮಾತು ಕೇಳೂದಿಲ್ಲೇನಲೇ? ನಾಳಿ ಜೋಡಿ ಬರದಿದ್ರ ಸೋಮವಾರ ನೀನೂ ಬರಬ್ಯಾಡ. ಕಾವಲಿಗೂ ಬ್ಯಾರೆ ಮಂದಿ ಅದಾರ ನನ್ನ ಹಂತ್ಯಾಕ."

ಚನ್ನು ತಲೆ ತಗ್ಗಿಸಿದ. ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಭಾಗ್ಯಶ್ರೀಗೆ ಆ ಮೌನ ಬೈಗುಳಕ್ಕಿಂತ ಭಾರವಾಗಿ ತೋರಿತು. ಆಗ ಬೂದೆಪ್ಪ ಗೋಡೆ ಹಿಡಿದು ಎದ್ದ. ಉಡದಾರದ ಗಂಟು ಬಿಚ್ಚಿ, ಕೀಲಿ ತೆಗೆದು ಮೇಸ್ತ್ರಿಯ ಅಂಗೈಯಲ್ಲಿ ಇಟ್ಟ.

"ಸೋಮವಾರದ ತನಕ ಯಾಕ, ಈಗ ತಗೊ. ನಾ ಬಿದ್ದಾಗ ನೀ ಕೊಟ್ಟಿದ್ದಿ, ಉಪಕಾರ ಮರತಿಲ್ಲ. ಆದ್ರ ಕೀಲಿ ತೋರಿಸಿ ನನ್ನ ಸೊಸಿ ಹೆಸರು ಅಳಸಬ್ಯಾಡ."

ಮೇಸ್ತ್ರಿ ಕೀಲಿಯನ್ನು ಒಂದು ಗಳಿಗೆ ನೋಡಿ, ಜೇಬಿಗೆ ಹಾಕಿಕೊಂಡು ಹೋದ. ಬೂದೆಪ್ಪ ಕೂತ. ಸೊಂಟದ ಮೇಲೆ ಕೀಲಿ ಇದ್ದ ಜಾಗವನ್ನು ಒಂದೆರಡು ಸಲ ಮುಟ್ಟಿ ನೋಡಿಕೊಂಡ.

"ನಾಳಿ ಏನ್ಮಾಡೂದು ಯಪ್ಪಾ?" ಎಂದ ಚನ್ನು.

"ಅಡ್ಡಾಕ್ಕ ಹೋಗು. ನಾವು ಈ ಊರಿಗೆ ಬಂದಾಗ ಮೇಸ್ತ್ರಿ ಇದ್ನೇನು?"

ಬೆಳಿಗ್ಗೆ ಐದಕ್ಕೆ ಚನ್ನು ಎದ್ದು ನೋಡಿದರೆ ತಾಯಿ ಆಗಲೇ ರೊಟ್ಟಿ ಕಟ್ಟಿ, ತಲೆಗೆ ಸಿಂಬಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನೀ ಎಲ್ಲಿಗೆ ಯವ್ವಾ?"

"ಅಡ್ಡಾದಾಗೂ ಜೋಡೀನ ಕೇಳ್ತಾರ. ನಡಿ."

"ಹೆಂಡತಿ ಜಾಗದಾಗ ತಾಯೀನ್ನ ನಿಂದ್ರಿಸಿಕೊಂಡು ನಿಂದರ್ಲೇನು? ಮಂದಿ ಏನಂದಾರು?"

"ಮಂದಿ ರೊಟ್ಟಿ ಹಾಕ್ತಾರೇನು?" ಎಂದು ಸಾಬಮ್ಮ ಹೊರಟೇಬಿಟ್ಟಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ನಿದ್ದೆಗಣ್ಣಲ್ಲಿ ಎದ್ದು ಕೂತಿದ್ದ ಸೊಸೆಗೆ, "ಆ ಹುಡುಗಿ ಇವತ್ತು ಬಂದ್ರ ನೀರಿಂದು ಕೇಳಿಕೊಂಡು ಬಾ. ಹೇಳ್ತೀನಿ ಅಂದಿತ್ತು" ಎಂದಳು. ಮೂರು ವಾರದ ಮೇಲೆ ಅವಳು ಸೊಸೆಯ ಜೊತೆ ಆಡಿದ ಮೊದಲ ಮಾತು ಅದು.

ಅಡ್ಡಾ ಎಂದರೆ ಸ್ಟೇಷನ್ ರಸ್ತೆಯ ಮೂಲೆ. ಮುನ್ನೂರು ಜನ ಗುದ್ದಲಿ, ಪುಟ್ಟಿ ಹಿಡಿದು ನಿಲ್ಲುತ್ತಾರೆ. ಗುತ್ತಿಗೆದಾರರು ಗಾಡಿಯಿಂದ ಇಳಿಯದೆ ಮುಖ ನೋಡಿ ಆರಿಸುತ್ತಾರೆ. ಏಳು ಹೊಡೆಯಿತು, ಎಂಟು ಹೊಡೆಯಿತು. ಕಿವಿಗೆ ತಂತಿ ಸಿಕ್ಕಿಸಿಕೊಂಡ ಕಂಪನಿಯ ಹುಡುಗರು ಕ್ಯಾಬು ಹತ್ತಿ ಹೋದರು. ಒಂಬತ್ತರ ಹೊತ್ತಿಗೆ ಒಬ್ಬ ಗಾಡಿ ನಿಲ್ಲಿಸಿದ.

"ಜೋಡಿ ಹೈ ಕ್ಯಾ?"

ಚನ್ನು ಬಾಯಿ ತೆರೆಯುವುದರೊಳಗೆ ಸಾಬಮ್ಮ ಅಂದಳು, "ಹೈ. ಮಾ ಔರ್ ಬೇಟಾ."

ಅವನು ನಕ್ಕು, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಗಾಡಿ ಹತ್ತಿ ಎಂದ. ಚಂದಾನಗರದಲ್ಲಿ ಒಂದು ಹಾಸ್ಟೆಲ್ ಕಟ್ಟುತ್ತಿದ್ದರು. ಇಟ್ಟಿಗೆಯನ್ನು ಮೂರನೇ ಅಂತಸ್ತಿಗೆ ಏರಿಸಬೇಕಿತ್ತು. ಮೊದಲ ಗಂಟೆಯಲ್ಲೇ ತಾಯಿಯ ಮೊಣಕಾಲು ಬಾತದ್ದನ್ನು ಚನ್ನು ನೋಡಿದ. ಅವಳ ಪುಟ್ಟಿಯಿಂದ ಎರಡೆರಡು ಇಟ್ಟಿಗೆ ತೆಗೆದು ತನ್ನದಕ್ಕೆ ಹಾಕಿಕೊಂಡ. "ನಾ ಲೆಕ್ಕ ಮಾಡಾಕತ್ತೀನಿ, ತಿರುಗಿ ಹಾಕು" ಎಂದು ಅವಳು ಬೈದಳು. ಅವನು ಹಾಕಲಿಲ್ಲ. ಕೆಲಸ ಒಂದು ವಾರಕ್ಕೆ ಗಟ್ಟಿಯಾಯಿತು.

ಆ ಸಂಜೆ ರೊಟ್ಟಿ ಬಡಿದಿಟ್ಟು ಕಾದವಳು ಭಾಗ್ಯಶ್ರೀ. ಬಿಸಿನೀರಿನ ಬೋಗುಣಿ ತಂದು ಅತ್ತೆಯ ಮೊಣಕಾಲಿಗೆ ಶಾಖ ಕೊಡುತ್ತ, "ಅಪೂರ್ವ ಬಂದಿದ್ಲು ಅತ್ತಿ. ನೀರಿಗೂ ಲೆಕ್ಕ ಐತಂತ. ಅದನ್ನ ಸಿಮೆಂಟಿನ ತೂಕದ ಮ್ಯಾಲ ಬ್ಯಾರೆ ಹಿಡೀತಾರಂತ. ಉಸುಕು ಹಸಿ ಇದ್ರ ಕಡಿಮಿ ಹಾಕಬೇಕಂತ" ಎಂದಳು.

"ಅಂದ್ರ ನಾ ಕೇಳಿದ್ದು ಸರಿ ಐತಿ?"

"ಸರಿ ಐತಿ."

ಸಾಬಮ್ಮ ಇನ್ನೊಂದು ಮೊಣಕಾಲನ್ನೂ ಮುಂದೆ ಚಾಚಿದಳು. ಮೂಲೆಯಲ್ಲಿ ಉಣ್ಣುತ್ತಿದ್ದ ಚನ್ನು, "ಇನ್ನೊಂದು ಶನಿವಾರ ಅಲ್ಲ?" ಎಂದು ಕೇಳಿದ. ಹೌದು ಎಂದಳು ಭಾಗ್ಯಶ್ರೀ. "ಹೋಗಿ ಬಾ" ಎಂದ, ರೊಟ್ಟಿಯ ಕಡೆ ನೋಡಿಕೊಂಡೇ.

ಕೊನೆಯ ಶನಿವಾರ ಹೆಸರು ಕೂಗಿದವರು ಉಮಾಬಾಯಿ. ಒಂದೊಂದು ಹೆಸರಿಗೂ ತಲೆ ಎತ್ತಿ ಮುಖ ನೋಡುತ್ತಿದ್ದರು.

"ಭಾಗ್ಯಶ್ರೀ."

"ಹಾಜರ್ರಿ."

ಅವರು ಹದಿನೆಂಟು ಎಂದು ಬರೆದು ಸುತ್ತ ಗೆರೆ ಎಳೆದರು. ಅರ್ಜಿ ಮುಂದೆ ನೂಕಿ ಸಹಿ ಮಾಡು ಎಂದರು. ಭಾಗ್ಯಶ್ರೀ ತನ್ನ ಪೂರ್ತಿ ಹೆಸರನ್ನು, ಯಾವ ಜೋಡಿಯೂ ಇಲ್ಲದ ಹೆಸರನ್ನು, ನಿಧಾನವಾಗಿ ಬರೆದಳು. ಕೊನೆಯ ಅಕ್ಷರ ಗೆರೆ ದಾಟಿತು.

ಎಲ್ಲ ಮುಗಿಯಿತು ಅಂದುಕೊಳ್ಳುವಾಗ ಉಮಾಬಾಯಿ ಪುಸ್ತಕದ ಕೊನೆಯ ಹಾಳೆ ತೆಗೆದರು.

"ಮುಂದಿನ ತಂಡ ಆಗ್ತದ ಅಂತ ನಿನ್ನೆ ಪತ್ರ ಬಂದದ. ಅದರಾಗ ಒಬ್ಬರದು ಆಗಲೇ ಆರು ದಿನ ಹಾಜರಿ ಅದ. ಯಾರು ಖರೇ ಕೂತಿದ್ರೋ ಅವರ ಹೆಸರಿಗೇ ಬರದೀನಿ." ಅವರು ಕನ್ನಡಕ ಸರಿಮಾಡಿಕೊಂಡು ಕೂಗಿದರು, "ಸಾಬಮ್ಮ."

ಹಾಲಿನಲ್ಲಿದ್ದ ತಲೆಗಳೆಲ್ಲ ಭಾಗ್ಯಶ್ರೀಯ ಕಡೆ ತಿರುಗಿದವು. ಆ ಹೊತ್ತಿಗೆ ಸಾಬಮ್ಮ ಚಂದಾನಗರದಲ್ಲಿ ಮಗನ ಹಿಂದೆ ಮೂರನೇ ಅಂತಸ್ತಿನ ಮೆಟ್ಟಿಲು ಏರುತ್ತಿದ್ದಳು. ಹುಸೇನಮ್ಮ ಮೊಣಕೈಯಿಂದ ತಿವಿದು, "ಹಾಜರ್ ಅನ್ನಬೇ, ಒಂದಿನ ಆಕಿದೂ ಹಾಜರಿ ಬೀಳ್ಲಿ" ಎಂದು ಪಿಸುಗುಟ್ಟಿದಳು.

ಭಾಗ್ಯಶ್ರೀ ಎದ್ದು ನಿಂತಳು. ಕಣ್ಣು ತುಂಬಿ ಉಮಾಬಾಯಿಯ ಮುಖ ಅವಳಿಗೆ ಕಾಣುತ್ತಿರಲಿಲ್ಲ.

"ಬಂದಿಲ್ರಿ ಅಕ್ಕೋರ. ನನ್ನ ಬದಲಿ ಕೆಲಸಕ್ಕ ಹೋಗ್ಯಾರ. ಅವರಿಗೆ ಇವತ್ತೊಂದಿನ ರಜಾ ಕೊಡ್ರಿ."